ಪಟಪಟ ದೋಣಿಯ ಪ್ರಸಂಗಗಳು

ಹಳೆಯ ವಿದ್ಯಾರ್ಥಿಗಳು ಎಲ್ಲಿಯಾದರೂ ಎದುರಾದರೆ ಮೊದಲು ಕೇಳುವುದು ನನ್ನ ಆರೋಗ್ಯವನ್ನಲ್ಲ. ‘ಸಾರ್, ಆ ದೋಣಿ ಇನ್ನೂ ಇದೆಯಾ?’ ಎಂದು ಕೇಳುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಭೌತವಿಜ್ಞಾನವನ್ನು ಬೋಧಿಸಿದವನ ಪಾಲಿಗೆ ಓಮನ ನಿಯಮವೂ ಮಸೂರದ ಸೂತ್ರವೂ ಅಳಿದು, ಒಂದು ಗೇಣುದ್ದದ ತಗಡಿನ ದೋಣಿ ಮಾತ್ರ ಮಕ್ಕಳ ನೆನಪಿನಲ್ಲಿ ಉಳಿದಿದೆ. ಬೇಸರವೇನೂ ಇಲ್ಲ. ಕಳೆದ ತಿಂಗಳು ದೂರದೂರಿನಲ್ಲಿರುವ ಒಬ್ಬ ಶಿಷ್ಯ ‘ಅದರ ಕಥೆಯನ್ನು ಪೂರ್ತಿಯಾಗಿ ಬರೆದುಬಿಡಿ ಸಾರ್, ನನ್ನ ಮಗನಿಗೆ ಹೇಳಬೇಕು’ ಎಂದು ಒತ್ತಾಯಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಹೋದವರಲ್ಲಿ ಹಿರಿಯರಾದವರಿಗೆ ಈ ಆಟಿಕೆ ಅಪರಿಚಿತವಲ್ಲ. ಬಳೆ, ಬತ್ತಾಸು, ತುತ್ತೂರಿಗಳ ಸಾಲಿನಲ್ಲಿ ಒಬ್ಬಾತ ಬೋಗುಣಿಯಲ್ಲಿ ನೀರು ತುಂಬಿಕೊಂಡು ಕುಳಿತಿರುತ್ತಿದ್ದನು. ಅದರಲ್ಲಿ ಬಣ್ಣ ಬಳಿದ ತಗಡಿನ ದೋಣಿಯೊಂದು ‘ಪಟಪಟ’ ಎಂದು ಸದ್ದು ಮಾಡುತ್ತ ಸುತ್ತು ಹಾಕುತ್ತಿತ್ತು. ಕೀಲಿ ಇಲ್ಲ, ಚಕ್ರವಿಲ್ಲ, ಹುಟ್ಟಿಲ್ಲ. ಒಳಗೆ ಪುಟ್ಟದೊಂದು ದೀಪ ಉರಿಯುತ್ತಿತ್ತು, ಅಷ್ಟೇ. ಕೊಂಡು ತಂದವರ ಮನೆಯಲ್ಲಿ ಅದು ಬಹುಮಟ್ಟಿಗೆ ಓಡುತ್ತಿರಲಿಲ್ಲ. ಜಾತ್ರೆಯವನು ಮೋಸ ಮಾಡಿದನೆಂದು ಮನೆಯವರು ಬೈದು ಅದನ್ನು ಅಟ್ಟಕ್ಕೆಸೆಯುತ್ತಿದ್ದರು. ಪಾಪ, ಅವನದೇನೂ ತಪ್ಪಿರಲಿಲ್ಲ. ದೀಪ ಹಚ್ಚುವ ಮುನ್ನ ದೋಣಿಯ ಹಿಂಬದಿಯ ಎರಡು ಕೊಳವೆಗಳಲ್ಲಿಯೂ ನೀರು ತುಂಬಬೇಕೆಂಬ ಗುಟ್ಟು ಗದ್ದಲದಲ್ಲಿ ಗಿರಾಕಿಯ ಕಿವಿಗೆ ಬಿದ್ದಿರುತ್ತಿರಲಿಲ್ಲ.

ಇದು ಆಟಿಕೆಯಾದರೂ ನಿಜವಾದ ಉಗಿದೋಣಿಯೇ ಹೌದು. ದೀಪದ ಮೇಲೆ ಒಂದು ಚಪ್ಪಟೆಯಾದ ತಗಡಿನ ಡಬ್ಬಿ ಇರುತ್ತದೆ, ಅದೇ ಬಾಯ್ಲರು. ಅದರಿಂದ ಹೊರಟ ಎರಡು ಸಣ್ಣ ಕೊಳವೆಗಳು ದೋಣಿಯ ಹಿಂದೆ ನೀರಿನೊಳಗೆ ಬಾಯ್ತೆರೆದಿರುತ್ತವೆ. ಬಾಯ್ಲರಿನ ಹನಿ ನೀರು ಕುದಿದು ಉಗಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಉಗಿ ಕೊಳವೆಯಲ್ಲಿರುವ ನೀರನ್ನು ರಭಸದಿಂದ ಹೊರದೂಡುತ್ತದೆ. ಹಾಗೆ ದೂಡುತ್ತ ತಾನೂ ಕೊಳವೆಯ ತಣ್ಣನೆಯ ಭಾಗಕ್ಕೆ ಇಳಿದು ಅಲ್ಲಿ ಮತ್ತೆ ನೀರಾಗುತ್ತದೆ. ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ನೀರು ಒಳನುಗ್ಗುತ್ತದೆ, ಅದರಲ್ಲಿ ಸ್ವಲ್ಪ ಬಿಸಿ ಬಾಯ್ಲರನ್ನು ಮುಟ್ಟಿ ಮತ್ತೆ ಉಗಿಯಾಗುತ್ತದೆ. ಸೆಕೆಂಡಿಗೆ ಹಲವು ಬಾರಿ ಇದೇ ಆವರ್ತನ. ಬಾಯ್ಲರಿನ ಮೇಲ್ಮುಚ್ಚಳ ಬಹಳ ತೆಳುವಾದ ತಗಡಾದ್ದರಿಂದ ಪ್ರತಿ ಆವರ್ತನದಲ್ಲೂ ಅದು ಉಬ್ಬಿ ತಗ್ಗುತ್ತದೆ. ಆ ಪಟಪಟ ಸದ್ದು ಅದರದು.

ಇದನ್ನು ಮೊದಲು ಕಲ್ಪಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಥಾಮಸ್ ಪಿಯೋ ಎಂಬ ಫ್ರೆಂಚ್ ಗೃಹಸ್ಥನಿಗೆ ಕೊಡುತ್ತಾರೆ. 1891ರಲ್ಲಿ ಆತ ಬ್ರಿಟನ್ನಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಸದ್ದು ಮಾಡುವ ತೆಳುತಗಡಿನ ಮುಚ್ಚಳವನ್ನು 1915ರಲ್ಲಿ ಅಮೆರಿಕದ ಚಾರ್ಲ್ಸ್ ಮ್ಯಾಕ್‌ಹ್ಯೂ ಸೇರಿಸಿದನು. 1920ರಲ್ಲಿ ವಿಲಿಯಂ ಪರ್ಸೆಲ್ ಎಂಬಾತ ಬಾಯ್ಲರನ್ನೇ ಕೈಬಿಟ್ಟು, ಕೊಳವೆಯನ್ನು ಸುರುಳಿಯಾಗಿ ಸುತ್ತಿದರೆ ಸಾಕೆಂದು ತೋರಿಸಿದನು. ಪಾಂಡವಪುರಕ್ಕೆ ಹಿಂದೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು, ಹೈದರ್-ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ. ನಮ್ಮ ತಾಲ್ಲೂಕಿಗೆ ಬಂದ ಎರಡನೆಯ ಫ್ರೆಂಚ್ ಸಂಗತಿ ಈ ದೋಣಿ ಎಂದು ತರಗತಿಯಲ್ಲಿ ನಾನು ತಮಾಷೆ ಮಾಡುತ್ತಿದ್ದುದು ಹಲವರಿಗೆ ನೆನಪಿರಬಹುದು.

ನಾವೇ ದೋಣಿ ಕಟ್ಟಲು ತೊಡಗಿದ್ದು ನಾಗಮಂಗಲದಲ್ಲಿದ್ದಾಗ. ಕಂಚು, ಹಿತ್ತಾಳೆಯ ಎರಕಕ್ಕೆ ಹೆಸರಾದ ಊರದು. ಲೋಹದ ಮಾತು ಬಲ್ಲವರು ಬೀದಿಗೊಬ್ಬರಿದ್ದರು. ಡಾಲ್ಡಾ ಡಬ್ಬಿಯ ತಗಡನ್ನು ಕತ್ತರಿಸಿ ದೋಣಿಯನ್ನು ಮಡಿಸುವುದು ಹುಡುಗರಿಗೆ ಎರಡು ದಿನದ ಕೆಲಸವಾಯಿತು. ಬಾಯ್ಲರು ಮಾತ್ರ ಎರಡು ತಿಂಗಳು ಕಾಡಿತು. ಸೂಜಿಮೊನೆಯಷ್ಟು ತೂತಿದ್ದರೂ ಉಗಿ ಅಲ್ಲಿಂದ ನುಸುಳಿ ದೋಣಿ ನಿಂತಲ್ಲೇ ನಿಲ್ಲುತ್ತಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಒಬ್ಬ ಹಿರಿಯರು, ಅವರ ಮಗ ನಮ್ಮ ಎಂಟನೆಯ ತರಗತಿಯಲ್ಲಿದ್ದನು, ಒಂದು ಸಂಜೆ ನಮ್ಮ ಬಾಯ್ಲರನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ‘ತಗಡಿನ ಜಿಡ್ಡು ತೆಗೀದೆ ಬೆಸುಗೆ ಹಾಕಿದ್ದೀರಲ್ಲಪ್ಪ ಮಕ್ಳಾ, ಹೆಂಗೆ ಹಿಡೀತದೆ?’ ಎಂದರು. ನವಸಾಗರವನ್ನು ತಿಕ್ಕಿ, ತಗಡು ಹೊಳೆಯುವವರೆಗೆ ಕಾಯಿಸಿ, ತವರವನ್ನು ಒಮ್ಮೆಗೇ ಓಡಿಸಿದರು. ಆ ಬಾಯ್ಲರು ಒಂಬತ್ತು ವರ್ಷ ಬಾಳಿತು. ನಾನು ಬಿ.ಎಡ್.ನಲ್ಲಿ ಕಲಿಯದ ಎಷ್ಟೋ ಲೋಹವಿಜ್ಞಾನವನ್ನು ಅವರ ಜಗಲಿಯ ಮೇಲೆ ಕಲಿತೆನು.

ಇನ್ನೊಂದು ತೊಂದರೆ ಬೆಸುಗೆಯ ಸ್ವಭಾವದಲ್ಲಿಯೇ ಇತ್ತು. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗತೊಡಗುತ್ತದೆ. ಮೇಣದಬತ್ತಿಯ ಜ್ವಾಲೆಯೋ ಸಾವಿರ ಡಿಗ್ರಿ ದಾಟಿದ್ದು. ಬಾಯ್ಲರಿನಲ್ಲಿ ನೀರು ಆಡುತ್ತಿರುವವರೆಗೆ ಅದು ತಗಡನ್ನು ಕಾಪಾಡುತ್ತದೆ. ಒಣಗಿದರೆ ಅರೆನಿಮಿಷದಲ್ಲಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಇಂಕ್ ಪೆನ್ನಿಗೆ ಶಾಯಿ ಹಾಕುವ ಫಿಲ್ಲರಿನಿಂದ ಒಂದು ಕೊಳವೆಗೆ ನೀರು ಹಾಕಿ, ಇನ್ನೊಂದು ಕೊಳವೆಯಿಂದ ಅದು ತೊಟ್ಟಿಕ್ಕುವವರೆಗೆ ಯಾರೂ ಬೆಂಕಿಕಡ್ಡಿ ಮುಟ್ಟಕೂಡದೆಂದು ಕಟ್ಟಳೆ ಮಾಡಿದೆವು. ಕೊಳವೆಗಳು ಎರಡಿರುವುದು ಮುಖ್ಯವಾಗಿ ಈ ಅನುಕೂಲಕ್ಕಾಗಿಯೇ. ಒಂದು ಕೊಳವೆಯಿದ್ದರೂ ದೋಣಿ ಓಡುತ್ತದೆ, ನೀರು ತುಂಬುವುದು ಮಾತ್ರ ಕಷ್ಟ.

ಉರುವಲಿನ ಪ್ರಯೋಗಗಳನ್ನು ಬರೆಯಹೋದರೆ ಇದೇ ಒಂದು ಪುಸ್ತಕವಾದೀತು. ಸೀಮೆಎಣ್ಣೆ ಮಸಿ ಹಿಡಿಸುತ್ತಿತ್ತು, ಮಸಿ ಹಿಡಿದ ಬಾಯ್ಲರಿಗೆ ಶಾಖ ತಲುಪುತ್ತಿರಲಿಲ್ಲ. ಕರ್ಪೂರ ಭರ್ಜರಿಯಾಗಿ ಹೊರಟು ಒಂದೇ ನಿಮಿಷಕ್ಕೆ ಮುಗಿಯುತ್ತಿತ್ತು, ಕೆಲವರ ಭಾಷಣದಂತೆ. ಕೊನೆಗೆ ಕೊಬ್ಬರಿ ಎಣ್ಣೆಯ ಹತ್ತಿಬತ್ತಿಯೇ ನಿಂತಿತು. ನಾಗಮಂಗಲದ ಕೊಳವೆಬಾವಿಯ ಗಡಸು ನೀರು ಕೊಳವೆಯೊಳಗೆ ಬಿಳಿಯ ಪೊರೆ ಕಟ್ಟಿ ಅದನ್ನು ಮುಚ್ಚಿಬಿಡುತ್ತಿತ್ತು. ಹುಣಸೆಹಣ್ಣಿನ ನೀರನ್ನು ತುಂಬಿ ರಾತ್ರಿಯಿಡೀ ಬಿಟ್ಟರೆ ಪೊರೆ ಬಿಡುತ್ತಿತ್ತು. ಈ ಉಪಾಯ ಹೇಳಿದ್ದು ಶಾಲೆಯ ಅಡುಗೆಯಾಕೆ, ರಸಾಯನಶಾಸ್ತ್ರದ ಪಠ್ಯವಲ್ಲ.

ಅಲ್ಲಿಂದ ನನಗೆ ಕೆ.ಆರ್. ಪೇಟೆ ತಾಲ್ಲೂಕಿಗೆ ವರ್ಗವಾಯಿತು. ಬಟ್ಟೆಯ ಟ್ರಂಕಿನಲ್ಲಿ ದೋಣಿಯೂ ಬಂತು. ನಾಗಮಂಗಲದ ತೊಟ್ಟಿಯ ಗಡಸು ನೀರೆಲ್ಲಿ, ಹೇಮಾವತಿಯ ಹೊಳೆನೀರೆಲ್ಲಿ! ಹೇಮಗಿರಿಯ ಅಣೆಕಟ್ಟೆಯ ಮೇಲ್ಗಡೆ, ನೀರು ನಿಂತಂತೆ ಕಾಣುವ ಕಡೆ ಬೆಳಗಿನ ಹೊತ್ತು ದೋಣಿ ಬಿಟ್ಟಾಗ ಅದು ಹಿಂದೆಂದೂ ಕಾಣದ ಚುರುಕಿನಿಂದ ಓಡಿತು. ನೀರು ತಣ್ಣಗಿದ್ದಷ್ಟೂ ಉಗಿ ಬೇಗ ನೀರಾಗುತ್ತದೆ, ಆವರ್ತನ ಗಟ್ಟಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಬೋಗುಣಿಯಲ್ಲಿ ಅದೇ ದೋಣಿ ತೂಕಡಿಸುತ್ತಿತ್ತು.

ಆದರೆ ಹೊಳೆಯಲ್ಲಿ ಇನ್ನೊಂದು ಭಯವಿತ್ತು. ದೋಣಿ ದೂರ ಹೋದರೆ ಮಗು ಅದರ ಹಿಂದೆ ಹೋಗುತ್ತದೆ. ನಿಂತಂತೆ ಕಾಣುವ ನೀರು ಒಳಗೆ ಎಳೆಯುತ್ತಿರುತ್ತದೆ. ಹೊಳೆ ನಾಲೆಗಳ ನಡುವೆ ಬದುಕುವ ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ದೋಣಿಯ ಹಿಂಬದಿಗೆ ಹೊಲಿಗೆ ದಾರ ಕಟ್ಟಬೇಕು, ದಾರದ ತುದಿ ನನ್ನ ಕೈಯಲ್ಲಿರಬೇಕು, ಮಕ್ಕಳು ಸೋಪಾನದ ಮೇಲಿರಬೇಕು, ವಿಶ್ವೇಶ್ವರಯ್ಯ ನಾಲೆಯಂಥ ಹರಿಯುವ ನೀರಿನಲ್ಲಿ ದೋಣಿ ಬಿಡಲೇಕೂಡದು. ಇದು ಎರಡನೆಯ ಕಟ್ಟಳೆ. ನೆನೆದ ದಾರದ ಭಾರಕ್ಕೆ ದೋಣಿಯ ವೇಗ ಅರ್ಧವಾಗುತ್ತಿತ್ತು. ಹುಡುಗರು ಗೊಣಗುತ್ತಿದ್ದರು. ದಾರ ಬಿಚ್ಚಲಿಲ್ಲ.

ಈಗ ಪಾಂಡವಪುರದ ಪ್ರಸಂಗ. 1992-93ನೆಯ ಸಾಲು. ಒಂಬತ್ತನೆಯ ತರಗತಿಯಲ್ಲಿ ನ್ಯೂಟನ್ನನ ಮೂರನೆಯ ನಿಯಮವನ್ನು ಮುಗಿಸಿ, ಎಂದಿನಂತೆ ದೋಣಿ ಓಡಿಸಿ ತೋರಿಸಿದೆನು. ನೀರು ಹಿಂದಕ್ಕೆ ಚಿಮ್ಮುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಎಲ್ಲರೂ ತಲೆದೂಗಿದರು. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ನಪಾಸಾಗಿದ್ದ, ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನೇ ನಾನು ಕಾಣದಿದ್ದ ಹುಡುಗಿ. ‘ಸಾರ್, ಬಿಟ್ಟ ನೀರನ್ನೇ ತಿರುಗ ಎಳ್ಕೊಳ್ಳುತ್ತಲ್ಲ, ಮುಂದಕ್ಕೆ ಹೋದಷ್ಟೇ ಹಿಂದಕ್ಕೂ ಬರ್ಬೇಕಲ್ಲ?’ ಎಂದಳು.

ಮಕ್ಕಳೇ, ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ವೃತ್ತಿಜೀವನದಲ್ಲಿ ಯಾರೂ ಕೇಳಲಿಲ್ಲ. ಉತ್ತರವನ್ನು ನಾನು ಹೇಳಲಿಲ್ಲ. ಒಂದು ವಾರ ಕಾಲಾವಕಾಶ ಕೊಟ್ಟು, ಎಲ್ಲರೂ ಯೋಚಿಸಿ ಬನ್ನಿ ಎಂದೆನು. ನಾಲ್ಕನೆಯ ದಿನ ಆಕೆಯೇ ಚೀಲದಿಂದ ಒಲೆಯ ಊದುಕೊಳವೆಯನ್ನು ತೆಗೆದಳು. ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟು ಮೊಳದ ದೂರದಿಂದ ಊದಿದಳು, ಆರಿತು. ಮತ್ತೆ ಹಚ್ಚಿ ಅದೇ ದೂರದಿಂದ ಉಸಿರನ್ನು ಒಳಗೆಳೆದಳು. ಜ್ವಾಲೆ ಅಲುಗಲೂ ಇಲ್ಲ. ‘ಊದುದ್ರೆ ನೆಟ್ಟಗೆ ಹೋಯ್ತದೆ ಸಾರ್, ಎಳುದ್ರೆ ಸುತ್ತಾಕಡೆಯಿಂದ ಬತ್ತದೆ’ ಎಂದಳು.

ವಿಷಯ ಇರುವುದು ಅಲ್ಲಿಯೇ. ಹೊರಗೆ ಚಿಮ್ಮುವ ನೀರು ಒಂದೇ ದಿಕ್ಕಿನಲ್ಲಿ ಧಾರೆಯಾಗಿ ಹೋಗುತ್ತದೆ, ಅದು ಹೊತ್ತೊಯ್ದ ಸಂವೇಗದಷ್ಟು ದೋಣಿ ಮುಂದಕ್ಕೆ ನೂಕಲ್ಪಡುತ್ತದೆ. ಒಳಗೆ ಬರುವ ನೀರು ಕೊಳವೆಯ ಬಾಯಿಯ ಸುತ್ತಲಿನಿಂದ ಮೆಲ್ಲಗೆ ಸೇರುತ್ತದೆ. ಆಗ ದೋಣಿಗೆ ತಾಗುವ ಅಲ್ಪ ಹಿನ್ನೆಳೆತವನ್ನು, ಒಳಬಂದ ನೀರು ಬಾಯ್ಲರಿನ ಗೋಡೆಗೆ ಬಡಿದು ನಿಲ್ಲುವಾಗ ಕೊಡುವ ಮುನ್ನೂಕು ಸರಿದೂಗಿಸಿಬಿಡುತ್ತದೆ. ಮರುದಿನ ನೀರಿನ ಮೇಲೆ ತೌಡು ಉದುರಿಸಿ ನೋಡಿದೆವು. ದೋಣಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಾಗ ಕೊಳವೆಯ ನೇರಕ್ಕೆ ತೌಡಿನ ನಡುವೆ ಒಂದು ದಾರಿಯೇ ಕೊರೆದಂತಾಯಿತು. ಬದಿಗಳ ತೌಡು ಮಾತ್ರ ನಿಧಾನವಾಗಿ ಕೊಳವೆಯ ಬಾಯಿಯ ಕಡೆಗೆ ತೇಲಿಬಂತು.

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನೇ ಒಯ್ಯುವುದೆಂದು ತೀರ್ಮಾನವಾಯಿತು. ದೋಣಿ ಓಡಲು ಕೊಳ ಬೇಕಲ್ಲ? ಆ ಹುಡುಗಿಯ ಮನೆಯವರ ಆಲೆಮನೆ ಆ ವರ್ಷ ನಿಂತಿತ್ತು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆ ಖಾಲಿ ಬಿದ್ದಿತ್ತು, ಇಬ್ಬರು ಮಲಗಬಹುದಾದಷ್ಟು ಅಗಲದ್ದು. ಕೇಳಲು ಹೋದಾಗ ಆಕೆಯ ತಂದೆ ಮೊದಲು ಒಪ್ಪಲಿಲ್ಲ. ‘ಮೇಷ್ಟ್ರೇ, ಈ ಮಗೀನ ಈ ವರ್ಷಕ್ಕೇ ಬಿಡಿಸ್ತಾ ಇವ್ನಿ. ಓದು ಹತ್ತಾಕಿಲ್ಲ ಅವಳಿಗೆ. ಮನೇಲೂ ಕೈ ಸಾಲ್ತಾ ಇಲ್ಲ’ ಎಂದರು. ಕೊಪ್ಪರಿಗೆಯ ವಿಚಾರ ಮಾತ್ರ ಮಾತಾಡಿ ಬಂದೆನು. ಪ್ರದರ್ಶನದ ದಿನ ಅವರೇ ಗಾಡಿ ಕಟ್ಟಿಕೊಂಡು ಬಂದರು. ಹುಡುಗರ ಕೈಗೆ ಕೊಟ್ಟರೆ ಕೊಪ್ಪರಿಗೆ ನೆಗ್ಗಿಸುತ್ತಾರೆಂಬ ಅನುಮಾನ. ಹತ್ತಿಪ್ಪತ್ತು ಕೊಡ ನೀರು ಹೊಯ್ದು, ದಿನವಿಡೀ ಅದರ ಪಕ್ಕದಲ್ಲಿಯೇ ಬೀಡಿ ಸೇದುತ್ತ ಕುಳಿತರು.

ಬೆಳಿಗ್ಗೆ ದೋಣಿ ಹಠ ಹಿಡಿಯಿತು. ಗಾಡಿಯ ಕುಲುಕಾಟಕ್ಕೆ ಒಂದು ಕೊಳವೆಯ ಬುಡದಲ್ಲಿ ಬೆಸುಗೆ ಬಿರಿದಿತ್ತು. ಬೆಸುಗೆಕೋಲನ್ನು ಕಾಯಿಸಲು ಪಕ್ಕದ ಹೋಟೆಲಿನ ಒಲೆಗೆ ಓಡಿದ್ದಾಯಿತು. ತೀರ್ಪುಗಾರರು ಬಂದಾಗ ಬಾಯ್ಲರು ಇನ್ನೂ ಬಿಸಿಯಾಗಿತ್ತು. ಅವರಲ್ಲಿ ಒಬ್ಬರು ದೋಣಿಯನ್ನು ಕಂಡೊಡನೆ, ‘ಇದು ಜಾತ್ರೆಯಲ್ಲಿ ಸಿಗುವ ಆಟಿಕೆ, ಮಾದರಿ ಎಲ್ಲಿ?’ ಎಂದರು. ಹುಡುಗರು ಹೆದರಿ ನನ್ನ ಮುಖ ನೋಡಿದರು. ಆಕೆ ನೋಡಲಿಲ್ಲ. ನೀರು ತುಂಬಿ, ದೀಪ ಹಚ್ಚಿ, ದೋಣಿಯನ್ನು ಕೊಪ್ಪರಿಗೆಗೆ ಬಿಟ್ಟಳು. ಅದು ಎರಡು ಬಾರಿ ಕೆಮ್ಮಿ ಹೊರಟಿತು. ಆ ತೀರ್ಪುಗಾರರು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಮುಂದಿನ ಮೇಜಿಗೆ ಹೊರಡುವುದರಲ್ಲಿದ್ದಾಗ, ‘ಸಾರ್, ಇದು ಎಳ್ಕೊಂಡ ನೀರಿಗೆ ಯಾಕೆ ಹಿಂದಕ್ಕೆ ಬರಾಕಿಲ್ಲ ಹೇಳಿ?’ ಎಂದು ಅವರನ್ನೇ ಕೇಳಿದಳು. ಅವರು ನಿಂತರು. ಊದುಕೊಳವೆ, ಮೇಣದಬತ್ತಿ, ತೌಡು ಎಲ್ಲವೂ ಒಂದಾದ ಮೇಲೊಂದು ನಡೆದವು. ಜನ ಸೇರಿದರು. ಕೊಪ್ಪರಿಗೆಯ ಪಕ್ಕದಲ್ಲಿದ್ದ ತಂದೆ ಎದ್ದು ನಿಂತು ಬೀಡಿ ಆರಿಸಿದ್ದನ್ನು ನಾನು ಕಂಡೆನು.

ನಮಗೆ ಎರಡನೆಯ ಬಹುಮಾನ ಬಂತು. ಮಂಡ್ಯಕ್ಕೆ ಹೋದದ್ದು ಥರ್ಮೋಕೋಲಿನ ಜ್ವಾಲಾಮುಖಿ. ಈ ವಿಚಾರದಲ್ಲಿ ನನ್ನ ಕೋಪ ಇನ್ನೂ ಪೂರ್ತಿ ಇಳಿದಿಲ್ಲವೆಂದು ಮನೆಯವರು ಹೇಳುತ್ತಾರೆ. ಸಂಜೆ ಕೊಪ್ಪರಿಗೆಯನ್ನು ಗಾಡಿಗೆ ಏರಿಸುವಾಗ ಆಕೆಯ ತಂದೆ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹೆಸರನ್ನು ಕೂಗಿದೆನು. ‘ಬಂದಿವ್ನಿ ಸಾರ್’ ಎಂದು ಉತ್ತರ ಬಂತು. ಹೆಸರನ್ನು ಇಲ್ಲಿ ಬರೆದರೆ ಆಕೆಗೆ ಸಂಕೋಚವಾದೀತು. ಈ ಪುಟವನ್ನು ಆಕೆಯೂ ಓದುತ್ತಾಳೆ.

ಆ ಪ್ರಶ್ನೆಯ ಹಿರಿತನ ನನಗೆ ತಿಳಿದದ್ದು ಬಹಳ ತಡವಾಗಿ. ನೀರನ್ನು ಚಿಮ್ಮಿ ತಿರುಗುವ ಸ್ಪ್ರಿಂಕ್ಲರನ್ನು ನೀರಿನೊಳಗಿಟ್ಟು, ಚಿಮ್ಮುವ ಬದಲು ಹೀರುವಂತೆ ಮಾಡಿದರೆ ಅದು ಯಾವ ಕಡೆಗೆ ತಿರುಗುತ್ತದೆ? 1883ರಲ್ಲಿಯೇ ಅರ್ನ್ಸ್ಟ್ ಮಾಕ್ ಈ ಬಗೆಯ ವಿಚಾರವನ್ನು ತನ್ನ ಗ್ರಂಥದಲ್ಲಿ ಎತ್ತಿದ್ದನು. ರಿಚರ್ಡ್ ಫೈನ್ಮನ್ ವಿದ್ಯಾರ್ಥಿಯಾಗಿ ಪ್ರಿನ್ಸ್‌ಟನ್ನಿನಲ್ಲಿದ್ದಾಗ ಇದನ್ನೇ ಪರೀಕ್ಷಿಸಲು ಹೋಗಿ, ಒತ್ತಡ ಹೆಚ್ಚಾಗಿ ಗಾಜಿನ ಬುದ್ದಲಿ ಸಿಡಿದು ಪ್ರಯೋಗಾಲಯವೆಲ್ಲ ನೀರಾಯಿತೆಂದು ಆತನೇ ಬರೆದುಕೊಂಡಿದ್ದಾನೆ. ನಮ್ಮ ಬೆಸುಗೆ ಬಿರಿದದ್ದು ಏನು ಮಹಾ! 2024ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಲೀಫ್ ರಿಸ್ಟ್ರಾಫ್ ಮತ್ತು ಸಂಗಡಿಗರು ಬಹಳ ನಾಜೂಕಾದ ಪ್ರಯೋಗ ನಡೆಸಿ, ಹೀರುವ ಸ್ಪ್ರಿಂಕ್ಲರು ಹಿಮ್ಮುಖವಾಗಿ ತಿರುಗುತ್ತದೆ, ಆದರೆ ಚಿಮ್ಮುವಾಗಿನದಕ್ಕಿಂತ ಸುಮಾರು 50 ಪಟ್ಟು ನಿಧಾನವಾಗಿ ಎಂದು ಪ್ರಕಟಿಸಿದರು. ಆ ಸುದ್ದಿಯನ್ನು ನಾನು ಆಕೆಗೆ ಕಳುಹಿಸಿದೆನು. ‘ಊದುಕೊಳವೆ ಈಗ ಮನೆಯಲ್ಲಿಲ್ಲ ಸಾರ್, ಗ್ಯಾಸ್ ಒಲೆ’ ಎಂದು ಮರುತ್ತರ ಬಂತು.

ನಿವೃತ್ತನಾದ ಮೇಲೆ ಶ್ರೀರಂಗಪಟ್ಟಣದಲ್ಲಿ ನೆಲೆಸಿದೆನು. ಚಿಕ್ಕಂದಿನಲ್ಲಿ ಇದೇ ಊರಿನಲ್ಲಿ ಮೀಟರ್ ಗೇಜ್ ಹಳಿಯ ಮೇಲೆ ಉಗಿಬಂಡಿ ಕಾವೇರಿಯ ಸೇತುವೆಯನ್ನು ದಾಟುವುದನ್ನು ನೋಡಲು ಓಡುತ್ತಿದ್ದವನು ನಾನು. ಮೊಮ್ಮಕ್ಕಳಿಗೆ ಉಗಿಯೆಂದರೆ ಕುಕ್ಕರಿನ ಸೀಟಿ ಮಾತ್ರ. ಅವರಿಗಾಗಿ ಮತ್ತೆ ದೋಣಿ ಕಟ್ಟಿದೆನು. ಈಗ ಬೆಸುಗೆಯ ತೊಂದರೆ ಬೇಡ. ಸೀಸ ಮಕ್ಕಳ ಕೈಗೆ ಬರುವುದೂ ಒಳ್ಳೆಯದಲ್ಲ. ಫ್ರಿಜ್ ದುರಸ್ತಿಯ ಅಂಗಡಿಯಲ್ಲಿ ಸಿಗುವ ಸಣ್ಣ ತಾಮ್ರದ ಕೊಳವೆಯನ್ನು ಪೆನ್ಸಿಲಿಗೆ ಮೂರು ಸುತ್ತು ಸುತ್ತಿ, ಎರಡೂ ತುದಿಗಳನ್ನು ದೋಣಿಯ ಹಿಂದಕ್ಕೆ ಇಳಿಬಿಟ್ಟರೆ ಪರ್ಸೆಲನ ಸುರುಳಿ ಸಿದ್ಧ. ಪಟಪಟ ಸದ್ದು ಬರುವುದಿಲ್ಲ, ಸಣ್ಣ ಗುರುಗುಟ್ಟುವಿಕೆ ಮಾತ್ರ. ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದಲೂ ಮಾಡಬಹುದು. ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆ ಮಾಡುವ ವಿಧಾನಗಳನ್ನೆಲ್ಲ ಮಕ್ಕಳಿಗಾಗಿ ಉಚಿತವಾಗಿ ಒದಗಿಸಿದ್ದಾರೆ; ಅವುಗಳಲ್ಲಿ ಈ ದೋಣಿಯೂ ಉಂಟು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ಆಟಿಕೆ ಎಂದು ಮೂಗು ಮುರಿದ ಆ ತೀರ್ಪುಗಾರರು ನನಗೆ ನೆನಪಾದರು.

ಕಳೆದ ಚಳಿಗಾಲದಲ್ಲಿ ಪಾಂಡವಪುರದ ಕೆಲವು ಶಿಷ್ಯರು ಕಾರಿನಲ್ಲಿ ಬಂದು ನನ್ನನ್ನೂ ಮೊಮ್ಮಕ್ಕಳನ್ನೂ ತೊಣ್ಣೂರು ಕೆರೆಗೆ ಕರೆದೊಯ್ದರು. ತಿಳಿನೀರಿಗಾಗಿ ‘ಮೋತಿ ತಲಾಬ್’ ಎನ್ನಿಸಿಕೊಂಡ ಕೆರೆ. ದೋಣಿ ಬಿಟ್ಟಾಗ ಕೊಳವೆಯಿಂದ ಹೊರಟ ಧಾರೆ ಕಣ್ಣಿಗೆ ಕಾಣುವಂತಿತ್ತು. ಹಳೆಯ ಕಟ್ಟಳೆಯಂತೆ ದಾರ ಕಟ್ಟಿದ್ದೆವು. ಗಾಳಿ ಬೀಸಿ ದೋಣಿ ಜೊಂಡಿನ ಕಡೆಗೆ ತಿರುಗಿತು, ದಾರ ಜೊಂಡಿಗೆ ಸಿಕ್ಕಿ ತುಂಡಾಯಿತು. ಯಾರೂ ನೀರಿಗಿಳಿಯಲಿಲ್ಲ. ನಡುವಯಸ್ಸಿನ ಶಿಷ್ಯರೂ ಸಾಲಾಗಿ ದಡದಲ್ಲಿಯೇ ನಿಂತರು, ಒಂಬತ್ತನೆಯ ತರಗತಿಯವರಂತೆ. ಅರ್ಧ ಗಂಟೆಯ ಮೇಲೆ ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬಾತ ಅದನ್ನು ಎತ್ತಿಕೊಂಡು ಬಂದನು. ದೀಪ ಆರಿತ್ತು, ಬಾಯ್ಲರು ತಣ್ಣಗಿತ್ತು, ಬೆಸುಗೆ ಗಟ್ಟಿಯಾಗಿಯೇ ಇತ್ತು. ದುಡ್ಡು ಕೊಡಹೋದರೆ ಬೇಡವೆಂದನು. ‘ಅದೇನು ಮೋಟ್ರಿಲ್ದೆ ಓಡೋದು, ಇನ್ನೊಂದ್ಸಲ ಬಿಡಿ ನೋಡವ’ ಎಂದು ಹರಿಗೋಲನ್ನು ದಡಕ್ಕೆ ಎಳೆದು ಅಲ್ಲಿಯೇ ಕುಳಿತನು. ಮೊಮ್ಮಗಳು ಫಿಲ್ಲರಿನಲ್ಲಿ ನೀರು ತುಂಬತೊಡಗಿದಳು.